ಡಿಎನ್‌ಎ ತಾಳೆಯಾಗಲಿಲ್ಲ ಎಂದ ಮಾತ್ರಕ್ಕೆ ಪ್ರಭೇದ ಹೊಸದಾಗುವುದಿಲ್ಲ

ಕೀಟಗಳ ವರ್ಗೀಕರಣವನ್ನು ವೃತ್ತಿಯಾಗಿಸಿಕೊಂಡಿರುವ ನನಗೆ ಈಚೆಗೆ ಬರುವ ಪತ್ರಗಳಲ್ಲಿ ಒಂದೇ ವಾದ ಮತ್ತೆ ಮತ್ತೆ ಕಾಣಿಸುತ್ತದೆ: ಡಿಎನ್‌ಎ ಪರೀಕ್ಷೆ ಮಾಡಿಸಿದೆವು, ದತ್ತಾಂಶ ಸಂಗ್ರಹದಲ್ಲಿರುವ ಯಾವ ಪ್ರಭೇದಕ್ಕೂ ಅದು ಹೊಂದಲಿಲ್ಲ, ಹಾಗಾಗಿ ಇದು ಹೊಸ ಪ್ರಭೇದ. ಮೊದಲ ಎರಡು ಮಾತುಗಳು ಪೂರ್ತಿ ನಿಜವಿರಬಹುದು. ಆದರೆ ಮೂರನೆಯದು ಅವುಗಳಿಂದ ಹೊರಡುವುದಿಲ್ಲ ಎಂಬುದನ್ನು ಎಷ್ಟು ಬಾರಿ ಹೇಳಿದರೂ ಸಾಲುತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಎಂಬ ಭಾಗದ ಒಂದು ಜೀನಿನಿಂದ ಸುಮಾರು 650 ಅಕ್ಷರಗಳಷ್ಟು ತುಣುಕನ್ನು ಓದಿ ಪ್ರಾಣಿಯನ್ನು ಗುರುತಿಸಬಹುದು ಎಂದು ಕೆನಡಾದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು 2003ರಲ್ಲಿ ಸೂಚಿಸಿದರು. ಡಿಎನ್‌ಎ ಬಾರ್‌ಕೋಡ್ ಎಂದು ಕರೆಯಲಾಗುವ ಈ ವಿಧಾನ ನನ್ನ ಕೆಲಸವನ್ನೂ ಬಹಳ ಹಗುರಾಗಿಸಿದೆ. ಆದರೆ ಯಾರಾದರೂ ಓದಿ, ಸರಿಯಾದ ಹೆಸರು ಹಚ್ಚಿ, ಸೇರಿಸಿದ ತುಣುಕು ಮಾತ್ರ ಆ ಸಂಗ್ರಹದಲ್ಲಿರುತ್ತದೆ. ಇದುವರೆಗೆ ಹೆಸರು ಪಡೆದಿರುವ ಪ್ರಾಣಿ ಪ್ರಭೇದಗಳು ಸುಮಾರು 15 ಲಕ್ಷ. ಅವುಗಳಲ್ಲಿ ದೊಡ್ಡ ಪಾಲಿಗೆ ಇನ್ನೂ ಬಾರ್‌ಕೋಡ್ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆ ಮನುಷ್ಯ ನಿನ್ನೆ ಹುಟ್ಟಿದವನಾಗುವುದಿಲ್ಲ. ನಿಮ್ಮ ಕೀಟವೂ ಹಾಗೆಯೇ, ಒಂದೂವರೆ ಶತಮಾನದ ಹಿಂದೆಯೇ ಯಾರೋ ವರ್ಣಿಸಿ ಹೆಸರಿಟ್ಟು, ಆಮೇಲೆ ಯಾರೂ ಅದರ ಡಿಎನ್‌ಎ ಓದದೆ ಬಿಟ್ಟಿರುವ ಪ್ರಭೇದವಾಗಿರುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತಂದ ದುಂಬಿಯ ಕಥೆಯೂ ಇದೇ ಆಗಿತ್ತು. ಹೊಂದಿಕೆ ಸಿಕ್ಕಿರಲಿಲ್ಲ, ಆಕೆ ಮನಸ್ಸಿನಲ್ಲಿ ಹೆಸರನ್ನೂ ಆರಿಸಿಟ್ಟಿದ್ದಳು. ಆ ಕುಲದ ಹಳೆಯ ಹೆಸರುಗಳನ್ನೆಲ್ಲ ಮೊದಲು ಪಟ್ಟಿ ಮಾಡು ಎಂದೆ. ದುಂಬಿಯ ಉದರದ ತುದಿಯನ್ನು ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದಾಗ ಮೆತ್ತನೆಯ ಮಾಂಸವೆಲ್ಲ ಕರಗಿ, ಗಂಡಿನ ಜನನಾಂಗದ ಗಟ್ಟಿ ಕವಚ ಕಂದು ಬಣ್ಣದ ಕೊಕ್ಕೆಯಂತೆ ಉಳಿಯಿತು. ಈ ಗುಂಪಿನಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಮೈಮೇಲಿನ ಬಣ್ಣವಲ್ಲ, ಆ ಕೊಕ್ಕೆಯ ಬಾಗು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಟಿನ್‌ನ ಕೆಲವೇ ಸಾಲುಗಳಲ್ಲಿ ವರ್ಣಿಸಲಾಗಿದ್ದ ಒಂದು ಪ್ರಭೇದದ ಮೂಲ ಮಾದರಿಯ, ಎಂದರೆ ಆ ಹೆಸರಿಗೆ ಆಧಾರವಾಗಿ ಇಟ್ಟಿರುವ ಕೀಟದ, ಚಿತ್ರಗಳನ್ನು ಅದನ್ನು ಕಾಪಾಡಿಕೊಂಡು ಬಂದಿರುವ ಸಂಗ್ರಹಾಲಯದಿಂದ ತರಿಸಿ ಪಕ್ಕಪಕ್ಕದಲ್ಲಿಟ್ಟಾಗ ಎರಡೂ ಒಂದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಆಕೆಗೆ ನಿರಾಸೆಯಾಯಿತು, ಅದು ಸಹಜ. ಆದರೆ ಆ ಪ್ರಭೇದದ ಹೆಣ್ಣನ್ನು ಅದುವರೆಗೆ ಯಾರೂ ವರ್ಣಿಸಿರಲಿಲ್ಲ. ಆ ಕೆಲಸವನ್ನು ಆಕೆ ಮಾಡಿದಳು, ಬಹಳ ಸೊಗಸಾಗಿ ಮಾಡಿದಳು.

ಇಷ್ಟು ಹೇಳಿದ ಮೇಲೆ ಕೆಲವರು, ಶೇಕಡಾ ಎಷ್ಟು ವ್ಯತ್ಯಾಸವಿದ್ದರೆ ಹೊಸ ಪ್ರಭೇದವೆನ್ನಬಹುದು ಎಂದು ಕೇಳುತ್ತಾರೆ. ಎಲ್ಲ ಜೀವಿಗಳಿಗೂ ಸಲ್ಲುವ ಅಂತಹ ಗೆರೆಯೇ ಇಲ್ಲ. ಮೈಟೊಕಾಂಡ್ರಿಯಾ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುವುದರಿಂದ ಅದು ತಾಯಂದಿರ ಸಾಲಿನ ಇತಿಹಾಸವನ್ನಷ್ಟೇ ಹೇಳಬಲ್ಲದು. ಹಿಮಕರಡಿಯ ಮೈಟೊಕಾಂಡ್ರಿಯಾ ಡಿಎನ್‌ಎಯನ್ನಷ್ಟೇ ನೋಡಿದರೆ, ಅದು ಕಂದು ಕರಡಿಗಳ ವಂಶವೃಕ್ಷದ ಒಳಗೆ, ಅಲಾಸ್ಕಾದ ಅಡ್ಮಿರಲ್ಟಿ, ಬಾರನಾಫ್ ಮತ್ತು ಚಿಚಗಾಫ್ ದ್ವೀಪಗಳ ಕಂದು ಕರಡಿಗಳ ಬಳಿ ಹೋಗಿ ಕೂರುತ್ತದೆ. ಪೂರ್ಣ ಜೀನೋಮನ್ನು, ಎಂದರೆ ಇಡೀ ಡಿಎನ್‌ಎಯನ್ನು, ಓದಿದಾಗ ಮಾತ್ರ ಎರಡೂ ಬೇರೆ ಬೇರೆ ವಂಶಗಳೆಂದೂ, ಹಿಂದೆಂದೋ ಅವುಗಳ ನಡುವೆ ಸಂಕರ ನಡೆದಿತ್ತೆಂದೂ ಸ್ಪಷ್ಟವಾಗುತ್ತದೆ.

ಬಾರ್‌ಕೋಡ್ ನಿಜವಾಗಿ ಕಣ್ಣು ತೆರೆಸಿದ ಸಂದರ್ಭಗಳೂ ಇವೆ. ಕೋಸ್ಟರಿಕಾದ ವಾಯವ್ಯ ಭಾಗದಲ್ಲಿ, 1775ರಿಂದಲೂ ಒಂದೇ ಹೆಸರು ಹೊತ್ತಿದ್ದ ಒಂದು ಚಿಟ್ಟೆ ಹತ್ತು ಪ್ರಭೇದಗಳ ಗುಂಪು ಎಂದು ಹೆಬರ್ಟ್, ಡೇನಿಯಲ್ ಜಾನ್ಜೆನ್ ಮೊದಲಾದವರು 2004ರಲ್ಲಿ ವಾದಿಸಿದರು. ಆ ವಾದಕ್ಕೆ ಬಲ ಬಂದದ್ದು ಡಿಎನ್‌ಎಯೊಂದರಿಂದಲೇ ಅಲ್ಲ. ಜಾನ್ಜೆನ್ ಮತ್ತು ವಿನ್ನಿ ಹಾಲ್‌ವಾಕ್ಸ್ ವರ್ಷಗಟ್ಟಲೆ ಸಾಕಿ ನೋಡಿದ್ದ ಕಂಬಳಿಹುಳುಗಳ ಬಣ್ಣವೂ, ಅವು ತಿನ್ನುವ ಗಿಡಗಳೂ ಬೇರೆ ಬೇರೆಯಾಗಿದ್ದವು. ಹೀಗಿದ್ದರೂ ಅದೇ ದತ್ತಾಂಶವನ್ನು 2006ರಲ್ಲಿ ಮತ್ತೆ ಪರಿಶೀಲಿಸಿದ ಆಂಡ್ರ್ಯೂ ಬ್ರೋವರ್, ಕನಿಷ್ಠ ಮೂರು, ಗರಿಷ್ಠ ಏಳು ಗುಂಪುಗಳಿಗಷ್ಟೇ ಆಧಾರವಿದೆ ಎಂದರು. ಅಷ್ಟೊಂದು ಸಾಕ್ಷ್ಯವಿದ್ದ ಕಡೆಯೇ ಇಷ್ಟು ಭಿನ್ನಾಭಿಪ್ರಾಯವಿರುವಾಗ, ಒಂದೇ ಕೀಟದ ಒಂದೇ ತುಣುಕಿನ ಮೇಲೆ ಹೆಸರಿಡಲು ನನ್ನ ಕೈ ಏಳುವುದಿಲ್ಲ.

ಇನ್ನು, ಹೊಸ ಪ್ರಭೇದ ಸಿಗುವುದು ಕಾಡಿನಲ್ಲಿ ಮಾತ್ರ ಎಂದೇನೂ ಇಲ್ಲ. ಕೊಲಂಬಿಯಾ ಮತ್ತು ಈಕ್ವೆಡಾರ್‌ಗಳ ಮಂಜು ಮುಸುಕಿದ ಬೆಟ್ಟದ ಕಾಡುಗಳಲ್ಲಿರುವ ಒಲಿಂಗಿಟೊ ಎಂಬ ಸಸ್ತನಿಗೆ ವೈಜ್ಞಾನಿಕ ಹೆಸರು ಬಂದದ್ದು 2013ರಲ್ಲಿ. ಪ್ರಾಣಿಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಲ್ಗೆನ್ ಅದರ ಸುಳಿವು ಹಿಡಿದದ್ದು ಸಂಗ್ರಹಾಲಯದ ಡ್ರಾಯರುಗಳಲ್ಲಿದ್ದ ಹಳೆಯ ಚರ್ಮ ಮತ್ತು ತಲೆಬುರುಡೆಗಳಿಂದ. ಡಿಎನ್‌ಎ ಪುರಾವೆಯೂ ಕಾಡಿನಲ್ಲಿ ಅದನ್ನು ಜೀವಂತವಾಗಿ ಕಂಡದ್ದೂ ಅದಕ್ಕೆ ಸೇರಿಕೊಂಡವು. ಅದಕ್ಕೂ ಬಹಳ ಮೊದಲೇ ಒಂದು ಹೆಣ್ಣು ಒಲಿಂಗಿಟೊ ಅಮೆರಿಕದ ಮೃಗಾಲಯಗಳಲ್ಲಿ ಬದುಕಿತ್ತು. ಅದನ್ನು ಹತ್ತಿರದ ಸಂಬಂಧಿಯಾದ ಒಲಿಂಗೊ ಎಂದೇ ತಿಳಿದು ಒಲಿಂಗೊ ಗಂಡುಗಳ ಜೊತೆ ಬಿಟ್ಟಿದ್ದರು. ಅದು ಮರಿ ಹಾಕಲೇ ಇಲ್ಲ.

ಆದ್ದರಿಂದ ಮಾದರಿ ಕಳುಹಿಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಡಿಎನ್‌ಎಗಾಗಿ ಇಡೀ ಕೀಟವನ್ನು ಅರೆದು ಮುಗಿಸಬೇಡಿ. ಸಾಮಾನ್ಯವಾಗಿ ಒಂದು ಕಾಲು ಸಾಕಾಗುತ್ತದೆ. ಉಳಿದ ದೇಹವನ್ನು ಸೂಜಿಗೆ ಚುಚ್ಚಿಯೋ ಆಲ್ಕೋಹಾಲಿನಲ್ಲಿಟ್ಟೋ ಉಳಿಸಿ, ಸಿಕ್ಕ ಜಾಗ, ದಿನಾಂಕ, ಕುಳಿತಿದ್ದ ಗಿಡ, ಹಿಡಿದವರ ಹೆಸರು ಇವನ್ನು ಅಳಿಯದ ಶಾಯಿಯಲ್ಲಿ ಬರೆದು ಜೊತೆಗಿಡಿ. ಸಾಧ್ಯವಾದರೆ ಅದೇ ಜಾಗದ ಗಂಡು, ಹೆಣ್ಣು ಎರಡನ್ನೂ ಕಳುಹಿಸಿ.