ರಕ್ತಭೇದಿ ಮದ್ದಿನ ಜೊತೆ ಟಾನಿಕ್ ಬೇಡ

"ಡಾಕ್ಟ್ರೇ, ಕೋಳಿಮರಿಗಳಿಗೆ ಮದ್ದು ಹಾಕಿ ಮೂರು ದಿನ ಆಯ್ತು. ಹಿಕ್ಕೆಯಲ್ಲಿ ಇನ್ನೂ ರಕ್ತ ಬರ್ತಿದೆ."

ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು, ನೀರಿಗೆ ಇನ್ನೇನು ಬೆರೆಸಿದ್ದೀರಿ ಅಂತ. "ಬೇರೇನಿಲ್ಲ, ಮರಿಗಳು ಸುಸ್ತಾಗಿವೆ ಅಂತ ಬಿ-ಕಾಂಪ್ಲೆಕ್ಸ್ ಟಾನಿಕ್ ಅಷ್ಟೇ" ಅನ್ನುತ್ತಾರೆ. ಎಷ್ಟು ವರ್ಷಗಳಿಂದ ಇದೇ ಮಾತು ಕೇಳುತ್ತಿದ್ದೇನೋ. ಪ್ರೀತಿಯಿಂದಲೇ ಹಾಕಿರುತ್ತಾರೆ, ಬೈಯಲು ಮನಸ್ಸು ಬರುವುದಿಲ್ಲ. ಆದರೆ ಮರಿಗಳು ಸಾಯುತ್ತವೆ.

ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಮದ್ದಿನ ಕೆಲಸವನ್ನು ಒಮ್ಮೆ ಸರಿಯಾಗಿ ನೋಡೋಣ. ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಕರುಳಿನ ಜೀವಕೋಶದ ಒಳಗೇ ಕೂತು ಮರಿ ಮಾಡುತ್ತದೆ. ಹಾಗೆ ಬೆಳೆಯಲು ಅದಕ್ಕೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಬೇಕೇ ಬೇಕು. ಆಂಪ್ರೋಲಿಯಂ ರಚನೆಯಲ್ಲಿ ಥಯಾಮಿನ್‌ಗೆ ತುಂಬಾ ಹತ್ತಿರ. ಥಯಾಮಿನ್ ಒಳಗೆ ಹೋಗುವ ದಾರಿಗೆ ಇದು ಅಡ್ಡ ನಿಲ್ಲುತ್ತದೆ. ಥಯಾಮಿನ್ ಸಿಗದೆ ಕಾಕ್ಸಿಡಿಯಾ ಸೊರಗುತ್ತದೆ. ಕೋಳಿಗಿಂತ ಕಾಕ್ಸಿಡಿಯಾಕ್ಕೆ ಇದರ ಪೆಟ್ಟು ಬಹಳ ಜಾಸ್ತಿ. ಅದಕ್ಕೇ ಹೇಳಿದ ಅಳತೆಯಲ್ಲಿ ಕೊಟ್ಟರೆ ಕೋಳಿಗೆ ತೊಂದರೆ ಇಲ್ಲ.

ಈಗ ಅದೇ ಕೋಳಿಗೆ ಬಿ-ಕಾಂಪ್ಲೆಕ್ಸ್‌ನಂಥ, ಥಯಾಮಿನ್ ಇರುವ ಟಾನಿಕ್ ಕುಡಿಸಿದರೆ ಏನಾಗುತ್ತದೆ? ಮದ್ದು ಯಾವುದನ್ನು ತಡೆಯಲು ನಿಂತಿದೆಯೋ ಅದನ್ನೇ ನೀವು ರಾಶಿ ಹಾಕಿದಂತಾಯಿತು. ಥಯಾಮಿನ್ ಹೆಚ್ಚಿದಷ್ಟೂ ಮದ್ದಿನ ಬಲ ಕಡಿಮೆ. ಮದ್ದು ಹಾಕಿದ್ದೇ ದಂಡವಾಗಬಹುದು.

ಒಬ್ಬ ಹೆಣ್ಣುಮಗಳು ಇದನ್ನೆಲ್ಲ ಗಮನವಿಟ್ಟು ಕೇಳಿಸಿಕೊಂಡು, ಬೆಳಿಗ್ಗೆ ಮದ್ದು, ಸಂಜೆ ಟಾನಿಕ್ ಅಂತ ಶುರು ಮಾಡಿದ್ದರು. ಎರಡೂ ಒಂದೇ ಡ್ರಿಂಕರ್‌ನಲ್ಲಿ ಸೇರದಿದ್ದರೆ ಸಾಕು ಅಂದುಕೊಂಡಿದ್ದರಂತೆ. ತಪ್ಪು ನನ್ನದೇ, ಬಿಡಿಸಿ ಹೇಳಿರಲಿಲ್ಲ. ಜಗಳ ನಡೆಯುವುದು ಡ್ರಿಂಕರ್‌ನಲ್ಲಲ್ಲ, ಕೋಳಿಯ ಕರುಳಿನಲ್ಲಿ. ಮದ್ದು ನಡೆಯುವಷ್ಟು ದಿನವೂ ಬಿ1 ಇರುವ ಟಾನಿಕ್ ಬೇಡ. ಲಿವರ್ ಟಾನಿಕ್, ಮಲ್ಟಿವಿಟಮಿನ್ ಬಾಟಲಿಗಳಲ್ಲೂ ಬಿ1 ಇರಬಹುದು, ಲೇಬಲ್ ಓದಿ. ಈಸ್ಟ್ ಪುಡಿಯಲ್ಲೂ ಇರುತ್ತದೆ. ಹಾಗಂತ ಫೀಡ್ ನಿಲ್ಲಿಸಬೇಡಿ. ಅದರಲ್ಲಿ ಸಹಜವಾಗಿ ಇರುವಷ್ಟು ಬಿ1 ಮದ್ದನ್ನು ಕೆಡಿಸುವುದಿಲ್ಲ.

ಟಾನಿಕ್ ಕೊಡಬೇಕು ಅನ್ನುವವರ ಭಯವೂ ಪೂರ್ತಿ ಸುಳ್ಳಲ್ಲ. ಆಂಪ್ರೋಲಿಯಂ ಅಳತೆ ಮೀರಿದರೆ, ಇಲ್ಲವೇ ಸುಮ್ನೆ ವಾರಗಟ್ಟಲೆ ಎಳೆದರೆ, ಕೋಳಿಗೇ ಬಿ1 ಕೊರತೆ ಬರಬಹುದು. ಆಗ ಕತ್ತು ಹಿಂದಕ್ಕೆ ಬಾಗಿ ಮುಖ ಮೇಲಾಗುತ್ತದೆ. ಸಾಮಾನ್ಯವಾಗಿ ಪೂರ್ತಿ ಅಳತೆಯ ಮದ್ದು 3ರಿಂದ 5 ದಿನ, ಆಮೇಲೆ ಕಡಿಮೆ ಅಳತೆಯಲ್ಲಿ ಒಂದೆರಡು ವಾರ. ನಿಮ್ಮ ಹಿಂಡಿಗೆ ಎಷ್ಟು ಅನ್ನುವುದನ್ನು ನೋಡಿದ ವೈದ್ಯರೇ ಹೇಳಬೇಕು. ಬಿ-ಕಾಂಪ್ಲೆಕ್ಸ್ ಅದೆಲ್ಲ ಮುಗಿದ ಮೇಲೆ. ಕರುಳಿನ ಒಳಪದರಕ್ಕೆ ಎ ವಿಟಮಿನ್, ರಕ್ತ ಹೆಪ್ಪುಗಟ್ಟಲು ಕೆ ವಿಟಮಿನ್ ಬೇಕು. ಇವೆರಡನ್ನು ಬಿ1 ಇಲ್ಲದ ಬಾಟಲಿಯಲ್ಲಿ ಮದ್ದಿನ ಜೊತೆಗೇ ಕೊಡಬಹುದು.

ರಕ್ತ ಕಂಡ ಮರಿಯ ಕರುಳು ಆಗಲೇ ಹರಿದಿರುತ್ತದೆ. ಸೋಂಕು ತಗುಲಿ ನಾಲ್ಕೈದು ದಿನಕ್ಕೆ ರಕ್ತ ಬರುತ್ತದೆ. ಆಂಪ್ರೋಲಿಯಂ ಹೆಚ್ಚು ಹೊಡೆಯುವುದು ಅದಕ್ಕೂ ಮುಂಚಿನ ಹಂತವನ್ನು. ಹಾಗಾಗಿ ಅದು ಕಾಪಾಡುವುದು ಮುಖ್ಯವಾಗಿ ಇನ್ನೂ ಚೆನ್ನಾಗಿ ಕಾಣುತ್ತಿರುವ ಉಳಿದ ಮರಿಗಳನ್ನು. ಆ ಮರಿಗಳಿಗಾಗಿ ಮೊದಲು ಒದ್ದೆ ಲಿಟರ್, ಅಂದರೆ ನೆಲಕ್ಕೆ ಹಾಸಿದ ಹೊಟ್ಟು, ತೆಗೆಯಿರಿ. ಬೆಚ್ಚಗೆ ತೇವ ಇದ್ದರೆ ಹಿಕ್ಕೆಯಲ್ಲಿ ಬಿದ್ದ ಕಾಕ್ಸಿಡಿಯಾ ಒಂದೆರಡು ದಿನಕ್ಕೇ ಸೋಂಕು ಹರಡಲು ತಯಾರು. ಇನ್ನು ಜಂತುಹುಳು ಬೇರೆ, ಅದರ ಮದ್ದೂ ಬೇರೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಕೊಟ್ಟು ಕಾಯಬೇಡಿ.

ವೈದ್ಯರಿಗೆ ಫೋನ್ ಮಾಡುವ ಮುಂಚೆ ಆ ವಾರ ಕೊಟ್ಟ ಎಲ್ಲ ಬಾಟಲಿಗಳನ್ನೂ ಎದುರಿಗೆ ಇಟ್ಟುಕೊಳ್ಳಿ. ಫೀಡ್ ಚೀಲದ ಲೇಬಲ್ ಕೂಡ. ಅದರಲ್ಲಿ ಕಾಕ್ಸಿಡಿಯಾ ತಡೆಯುವ ಸಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಮದ್ದನ್ನು ಆಗಲೇ ಸೇರಿಸಿರಬಹುದು. ಅದು ಗೊತ್ತಿಲ್ಲದೆ ಯಾರಾದರೂ ಉಸಿರಾಟದ ತೊಂದರೆಗೆ ಅಂತ ಟಿಯಾಮುಲಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟರೆ ಎರಡೂ ಸೇರಿ ಕೋಳಿಗೆ ವಿಷವಾಗುತ್ತವೆ.