ಇಸಿಜಿ: ಅಂಟಿಸುವ ಜಾಗ ತಪ್ಪಿದರೆ ಓದೂ ತಪ್ಪುತ್ತದೆ

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು (ಹೃದಯದ ವಿದ್ಯುತ್ ಸಂಕೇತದ ಗೆರೆಚಿತ್ರ) ಹೃದಯ ಜ್ಯೋತಿ ಯೋಜನೆಯಡಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರದ ತಜ್ಞರು ದೂರದಿಂದಲೇ ಓದುತ್ತಾರೆ. ಈ ಯೋಚನೆಗೆ ನೂರು ವರ್ಷ ದಾಟಿದೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಮ್ ಐಂತೋವನ್ 1905ರಲ್ಲೇ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿ.ಮೀ. ದೂರದ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಯಂತ್ರವನ್ನೇ ಆಸ್ಪತ್ರೆಗೆ ಒಯ್ಯೋಣವೆಂದರೆ ಅದರ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ. ರೋಗಿ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಇಂದಿನ ಲೀಡ್ 1, 2, 3 ಹುಟ್ಟಿದ್ದು ಆ ಮೂರು ಪಾತ್ರೆಗಳಿಂದ; ಲೀಡ್ ಎಂದರೆ ಹೃದಯದ ಸಂಕೇತವನ್ನು ಒಂದೊಂದು ಕೋನದಿಂದ ನೋಡುವ ನೋಟ.

ಆದರೆ ಕೈಕಾಲಿನ ಲೀಡ್‌ಗಳಲ್ಲಿ ಹೃದಯದ ಮುಂಭಾಗದ ಹಾನಿ ಸರಿಯಾಗಿ ಕಾಣದು. 1938ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಹೃದಯತಜ್ಞರು ತಂತಿಯ ತುದಿಯ ಎಲೆಕ್ಟ್ರೋಡ್‌ಗಳನ್ನು ಅಂಟಿಸಲು ಎದೆಯ ಮೇಲೆ ಆರು ಜಾಗಗಳನ್ನು ನಿಗದಿ ಮಾಡಿದರು; ಅವೇ ವಿ1ರಿಂದ ವಿ6. 1942ರಲ್ಲಿ ಅಮೆರಿಕದ ವೈದ್ಯ ಗೋಲ್ಡ್‌ಬರ್ಗರ್ ಕೈಕಾಲಿನದೇ ಇನ್ನೂ ಮೂರು ಲೀಡ್ ಸೇರಿಸಿದ ಮೇಲೆ ಹನ್ನೆರಡಾಯಿತು.

ಆ ಜಾಗಗಳು ಅಂದಾಜಿನವಲ್ಲ. ಗಂಟಲ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ದಿಣ್ಣೆ ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು, ಅದರ ಕೆಳಗೆ ಪಕ್ಕೆಲುಬುಗಳ ನಡುವಿನದು ಎರಡನೇ ಸಂದು. ಅಲ್ಲಿಂದ ಎಣಿಸಿ ನಾಲ್ಕನೇ ಸಂದಿನಲ್ಲಿ, ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2. ಎಣಿಸುವ ಗೋಜಿಗೆ ಹೋಗದೆ ಕಣ್ಣಳತೆಯಲ್ಲಿ ಅಂಟಿಸಿದರೆ ಇವೆರಡೂ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತವೆ. ಆಗ ಹೃದಯಾಘಾತವೇ ಆಗದವರ ಗೆರೆಯಲ್ಲೂ ಹಳೆಯ ಆಘಾತದ ಛಾಯೆ ಮೂಡಬಹುದು. ಎರಡು ಕೈಗಳ ತಂತಿ ಅದಲುಬದಲಾದರೆ ಲೀಡ್ 1 ತಲೆಕೆಳಗಾಗುತ್ತದೆ. ಹೃದಯ ಬಲಗಡೆ ಇರುವವರಲ್ಲೂ ಹೀಗೆಯೇ, ಆದರೆ ಅವರ ಎದೆಯ ಲೀಡ್‌ಗಳಲ್ಲಿ ಅಲೆಗಳು ವಿ6ರತ್ತ ಹೋದಂತೆ ಕುಗ್ಗುತ್ತವೆ. ತಂತಿ ಬದಲಾದವರಲ್ಲಿ ಎದೆಯ ಲೀಡ್‌ಗಳು ಎಂದಿನಂತೆಯೇ ಇರುತ್ತವೆ.

ಇಸಿಜಿಯಲ್ಲಿ ಎಲ್ಲವೂ ಕಾಣದು. ಹೃದಯದ ಕವಾಟ ಸೋರುತ್ತಿದೆಯೇ, ಗೋಡೆ ಎಷ್ಟು ಬಲವಾಗಿ ಬಡಿಯುತ್ತಿದೆ ಎಂಬುದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಬೇಕು. ಲೋಹದ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನೇ ಎದೆಗಿಟ್ಟು ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್, ಹರ್ಟ್ಸ್ ಇಬ್ಬರೂ 1953ರಲ್ಲಿ ಇದನ್ನು ಆರಂಭಿಸಿದರು.

ಎದೆನೋವಿನೊಂದಿಗೆ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದು ಸರಿಯಿದೆ ಎಂದು ಮನೆಗೆ ಕಳಿಸುವುದು ಅಪಾಯ: ಆಘಾತದ ಮೊದಲ ಹೊತ್ತಿನಲ್ಲಿ ಗೆರೆ ಸಹಜವಾಗಿರಬಹುದು. ನೋವು ಮುಂದುವರಿದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಜೊತೆಗೆ ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಬೇಕು. ಮೊದಲ ಸಲ ಅಂಟಿಸಿದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಟ್ಟರೆ ಒಳ್ಳೆಯದು. ಇಲ್ಲವಾದರೆ ಎರಡನೇ ಗೆರೆಯಲ್ಲಿ ಕಂಡ ಬದಲಾವಣೆ ಹೃದಯದ್ದೋ, ಅಂಟಿಸಿದ ಕೈಯದ್ದೋ ತಿಳಿಯುವುದಿಲ್ಲ.