ಸಾವಿರ ಡಿಗ್ರಿಯಲ್ಲಿ ಬಾಳಿಕೆ ಬರುವ ವಸ್ತು ಯಾವುದು?

1977ರಲ್ಲಿ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ತಲಾ ಮೂರು ಜನರೇಟರ್‌ಗಳಿವೆ. ಮೂರೂ ಸೇರಿ ಆರಂಭದಲ್ಲಿ ಕೊಟ್ಟದ್ದು ಸುಮಾರು 470 ವ್ಯಾಟ್. ರಾಯಚೂರಿನ ಸ್ಥಾವರದ ಉಷ್ಣವಿದ್ಯುತ್ತೇ ಬೇರೆ, ಇದೇ ಬೇರೆ: ಇಲ್ಲಿ ಹಬೆಯಿಲ್ಲ, ಟರ್ಬೈನ್ ಇಲ್ಲ, ತಿರುಗುವ ಒಂದು ಭಾಗವೂ ಇಲ್ಲ. ಸಿಲಿಕಾನ್-ಜರ್ಮೇನಿಯಂನ ಪುಟ್ಟ ಕಾಲುಗಳ ಒಂದು ತುದಿಯನ್ನು ವಿಕಿರಣಶೀಲ ಪ್ಲುಟೋನಿಯಂ-238 ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ, ಇನ್ನೊಂದು ತುದಿ 300ರ ಆಸುಪಾಸಿನಲ್ಲಿರುತ್ತದೆ. ವಿದ್ಯುತ್ ಹುಟ್ಟುವುದು ಆ ಅಂತರದಿಂದಲೇ.

ಈ ಪರಿಣಾಮವನ್ನು ಜರ್ಮನಿಯ ಸೀಬೆಕ್ 1821ರಲ್ಲೇ ಕಂಡಿದ್ದ. ಆದರೆ ಲೋಹಗಳಿಂದ ಹೆಚ್ಚೇನೂ ಗಿಟ್ಟಲಿಲ್ಲ, ಏಕೆಂದರೆ ಅವುಗಳಲ್ಲಿ ಕರೆಂಟ್ ಒಯ್ಯುವ ಎಲೆಕ್ಟ್ರಾನುಗಳೇ ಶಾಖವನ್ನೂ ಒಯ್ದುಬಿಡುತ್ತವೆ. ದಾರಿ ತೆರೆದದ್ದು ಅರೆವಾಹಕಗಳಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ವಿಜ್ಞಾನಿ ಇಯೋಫೆಯ ತಂಡ ಗೆರಿಲ್ಲಾಗಳ ರೇಡಿಯೊಗೆಂದು ಒಂದು ಪಾತ್ರೆ ಮಾಡಿತು. ಅದರ ತಳದಲ್ಲಿ ಉಷ್ಣಯುಗ್ಮಗಳು (ಶಾಖದಿಂದ ವಿದ್ಯುತ್ ಕೊಡುವ ಜೋಡಿ ಕಾಲುಗಳು), ಕೆಳಗೆ ಸೌದೆ ಬೆಂಕಿ, ಒಳಗೆ ನೀರು. ನೀರು ಕುದಿಯುತ್ತಿರುವವರೆಗೂ ತಣ್ಣನೆಯ ಬದಿ 100 ಡಿಗ್ರಿ ದಾಟುವುದಿಲ್ಲ. ಎಷ್ಟು ಸರಳ, ಎಷ್ಟು ಜಾಣ ಏರ್ಪಾಡು!

ಹೀಗೆ ಶಾಖದಿಂದ ನೇರವಾಗಿ ವಿದ್ಯುತ್ ಕೊಡುವ ವಸ್ತುವಿನ ಯೋಗ್ಯತೆ ಅಳೆಯಲು ಬಳಸುವ ಅಂಕ ಝಡ್‌ಟಿ. ಸೀಬೆಕ್ ಗುಣಾಂಕದ (ಒಂದು ಡಿಗ್ರಿ ಅಂತರಕ್ಕೆ ಹುಟ್ಟುವ ವೋಲ್ಟೇಜ್) ವರ್ಗವನ್ನು ವಿದ್ಯುತ್ ವಾಹಕತೆಯಿಂದಲೂ ಕೆಲ್ವಿನ್ ಉಷ್ಣತೆಯಿಂದಲೂ ಗುಣಿಸಿ, ಬಂದದ್ದನ್ನು ಉಷ್ಣವಾಹಕತೆಯಿಂದ ಭಾಗಿಸಬೇಕು. ತೊಡಕು ಇರುವುದು ಇಲ್ಲೇ. ಡೋಪಿಂಗ್, ಅಂದರೆ ಬೇರೆ ಧಾತುವನ್ನು ಚೂರು ಬೆರೆಸುವುದನ್ನು, ಹೆಚ್ಚಿಸಿದರೆ ವಾಹಕತೆ ಏರುತ್ತದೆ, ಸೀಬೆಕ್ ಗುಣಾಂಕ ಇಳಿಯುತ್ತದೆ. ಸಾಮಾನ್ಯವಾಗಿ ಘನ ಸೆಂಟಿಮೀಟರಿಗೆ ಕರೆಂಟ್ ಒಯ್ಯುವ 10¹⁹ರಿಂದ 10²¹ ವಾಹಕ ಕಣಗಳ ನಡುವೆ ಎಲ್ಲೋ ಹದ ಸಿಗುತ್ತದೆ. ಉಳಿದ ದಾರಿಯೆಂದರೆ ಪರಮಾಣುಗಳ ಜಾಲಕದ ಕಂಪನಗಳು ಒಯ್ಯುವ ಶಾಖಕ್ಕೆ ಅಡ್ಡಗಾಲು ಹಾಕುವುದು. ಶುದ್ಧ ಸಿಲಿಕಾನಿನ ಉಷ್ಣವಾಹಕತೆ ಕೋಣೆಯ ಉಷ್ಣತೆಯಲ್ಲಿ ಮೀಟರ್-ಕೆಲ್ವಿನ್‌ಗೆ ಸುಮಾರು 150 ವ್ಯಾಟ್. ಅದಕ್ಕೆ ಶೇ 20ರಷ್ಟು ಭಾರವಾದ ಜರ್ಮೇನಿಯಂ ಪರಮಾಣುಗಳನ್ನು ಬೆರೆಸಿ, ಬೇಕಾದಷ್ಟು ಡೋಪ್ ಮಾಡಿದರೆ ಅದು ಐದರ ಸುತ್ತಮುತ್ತ ಕುಸಿಯುತ್ತದೆ.

ಹಾಗಿದ್ದೂ ಸಿಲಿಕಾನ್-ಜರ್ಮೇನಿಯಂನ ಅಂಕ ಒಂದರ ಕೆಳಗೇ ಇತ್ತು. ಅದನ್ನು ಆರಿಸಿದ್ದು ಬಿಸಿ ತಾಳುತ್ತದೆಂದು. ಅದೂ ಪೂರ್ತಿಯಾಗಿ ತಾಳುವುದಿಲ್ಲ. 1000 ಡಿಗ್ರಿಯ ನಿರ್ವಾತದಲ್ಲಿ ಮೇಲ್ಮೈ ನಿಧಾನವಾಗಿ ಆವಿಯಾಗಿ ನಿರೋಧಕ ಪದರಗಳ ಮೇಲೆ ಕೂರುತ್ತದೆ, ಅಲ್ಲಿ ಕರೆಂಟ್ ಸೋರತೊಡಗುತ್ತದೆ. ಅದನ್ನು ತಡೆಯಲು ಕಾಲುಗಳಿಗೆ ಸಿಲಿಕಾನ್ ನೈಟ್ರೈಡ್ ಲೇಪ ಕೊಟ್ಟರು. ಇನ್ನೊಂದು ಕಾಟ ಒಳಗಿನದು: ಎನ್-ಬಗೆಯ (ಎಲೆಕ್ಟ್ರಾನುಗಳು ಕರೆಂಟ್ ಒಯ್ಯುವ) ಕಾಲಿನಲ್ಲಿ ಡೋಪ್ ಆಗಿ ಕರಗಿದ್ದ ರಂಜಕ (ಫಾಸ್ಫರಸ್), ಕಾಲಿನ ಕಡಿಮೆ ಬಿಸಿಯ ಭಾಗದಲ್ಲಿ ತಿಂಗಳುಗಟ್ಟಲೆ ಕಾಲದಲ್ಲಿ ಕಣಕಣವಾಗಿ ಹೊರಬೀಳುತ್ತದೆ. ವಾಹಕಗಳು ಕಡಿಮೆಯಾಗಿ ರೋಧ ಏರುತ್ತದೆ. ಪ್ಲುಟೋನಿಯಂನ ಅರ್ಧಾಯುಷ್ಯ 87.7 ವರ್ಷ. ಆದರೆ ವಾಯೇಜರ್‌ನ ವಿದ್ಯುತ್ ಅದರ ಶಾಖಕ್ಕಿಂತ ಬೇಗ ಇಳಿಯುತ್ತಿದೆ, ವರ್ಷಕ್ಕೆ ಸುಮಾರು 4 ವ್ಯಾಟ್.

ಅಂಕದ ಓಟವಂತೂ ಜೋರಾಗಿಯೇ ನಡೆಯಿತು. 2014ರಲ್ಲಿ ಟಿನ್ ಸೆಲೆನೈಡ್ ಹರಳಿಗೆ 923 ಕೆಲ್ವಿನ್‌ನಲ್ಲಿ 2.6 ಅಳೆದರು. ಆದರೆ ಅದು ಒಂದೇ ದಿಕ್ಕಿನಲ್ಲಿ, ಮತ್ತು ಹರಳು ಪದರಪದರವಾಗಿ ಕಿತ್ತುಬರುವಂಥದು. ಅದನ್ನೇ ಪುಡಿಮಾಡಿ ಒತ್ತಿದರೆ ಕಣಗಳ ಮೇಲಿನ ತವರದ ಆಕ್ಸೈಡ್ ಪೊರೆ ಶಾಖವನ್ನು ದಾಟಿಸಿಬಿಡುತ್ತಿತ್ತು. ಆ ಆಕ್ಸೈಡನ್ನು ತೆಗೆದ ಮೇಲೆ, 2021ರಲ್ಲಿ, ಅಂಕ 3.1ಕ್ಕೆ ಏರಿತು. ಅದೇ ವರ್ಷ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ ಬೆಳ್ಳಿ-ಆಂಟಿಮನಿ ಟೆಲ್ಯೂರೈಡಿಗೆ ಕ್ಯಾಡ್ಮಿಯಂ ಬೆರೆಸಿ 573 ಕೆಲ್ವಿನ್‌ನಲ್ಲಿ 2.6 ತೋರಿಸಿತು. ಪರಮಾಣುಗಳ ಜೋಡಣೆಯ ಅಸ್ತವ್ಯಸ್ತತೆಯನ್ನು ಕಡಿಮೆ ಮಾಡಿಯೇ ಅದು ಗೆದ್ದದ್ದು ವಿಶೇಷ.

ವಸ್ತುವಿನಿಂದ ಸಾಧನಕ್ಕೆ ಹೋಗುವಾಗ ಎಡವುವುದು ಬೆಸುಗೆಯಲ್ಲಿ. 2 ಮಿಲಿಮೀಟರ್ ಉದ್ದದ ಕಾಲಿನ ವಿದ್ಯುತ್ ರೋಧಶೀಲತೆ 1 ಮಿಲಿಓಮ್-ಸೆಂಟಿಮೀಟರ್ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಅದರ ರೋಧ 200 ಮೈಕ್ರೊಓಮ್. ಎರಡೂ ತುದಿಯ ಸಂಪರ್ಕಗಳು ತಲಾ 10 ಸೇರಿಸಿದರೂ ಶೇ 10ರಷ್ಟು ರೋಧ ಪುಕ್ಕಟೆಯಾಗಿ ಅಂಟಿಕೊಂಡಿತು. ಕಾಲುಗಳನ್ನು ಜೋಡಿಸಲು ತಾಮ್ರದ ಪಟ್ಟಿ ಹಾಕಿದರೆ ಅದು ಇಂಥದೇ ಇನ್ನೊಂದು ವಸ್ತುವಾದ ಕೋಬಾಲ್ಟ್ ಆಂಟಿಮನೈಡಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. 500 ಡಿಗ್ರಿ ಏರಿಳಿತದಲ್ಲಿ 5 ಮಿಲಿಮೀಟರ್ ಅಗಲಕ್ಕೆ 15 ಮೈಕ್ರಾನಿಗಿಂತ ಹೆಚ್ಚಿನ ವ್ಯತ್ಯಾಸ. ಕೆಲವೇ ಸುತ್ತುಗಳಲ್ಲಿ ಬಿರುಕು. ಜೊತೆಗೆ 600 ಡಿಗ್ರಿ ಸಮೀಪಿಸಿದಂತೆ ಆಂಟಿಮನಿ ಹಾರಿಹೋಗುತ್ತದೆ. ಹೊಸ ವಸ್ತುವಿನ ವರದಿಯಲ್ಲಿ ಸಾವಿರಾರು ಗಂಟೆ ಕಾಯಿಸಿಟ್ಟ ನಂತರದ ಅಳತೆಯನ್ನು ಮೊದಲು ಹುಡುಕಬೇಕಾದದ್ದು ಇದಕ್ಕೇ.

2020ರಲ್ಲಿ ಮಂಗಳಕ್ಕೆ ಹೊರಟ ಪರ್ಸೆವಿಯರೆನ್ಸ್ ರೋವರಿನ ಜನರೇಟರ್ ಹೊರಡುವಾಗ ಕೊಟ್ಟದ್ದು ಸುಮಾರು 110 ವ್ಯಾಟ್. ಅದರಲ್ಲಿರುವುದು ಸೀಸದ ಟೆಲ್ಯೂರೈಡ್, ಮತ್ತು ಟೆಲ್ಯೂರಿಯಂ, ಆಂಟಿಮನಿ, ಜರ್ಮೇನಿಯಂ, ಬೆಳ್ಳಿಯ ಮಿಶ್ರಣ. 1970ರ ದಶಕದಲ್ಲಿ ವೈಕಿಂಗ್ ನೌಕೆಗಳು ಮಂಗಳಕ್ಕೆ ಒಯ್ದದ್ದೂ ಇದೇ ಜೋಡಿಯನ್ನು.